ಮೂವತ್ತೆರಡು ಪ್ರತಿಗಳಿಗೆ ಅನುಮತಿ

ಜೆರಾಕ್ಸ್ ಯಂತ್ರದ ಮುಚ್ಚಳದ ಮೇಲೆ ಅವನು ಅಂಗೈ ಊರಿದ. ಕೆಳಗೆ ನಾನು ಲೈಬ್ರರಿಯಿಂದ ಪಡೆದಿದ್ದ ಕಥೆಪುಸ್ತಕ, ಇನ್ನೂ ಮೂರನೆಯ ಪುಟ.

"ಇಡೀ ಪುಸ್ತಕಾನಾ, ಮೇಡಂ?"

"ಮೂವತ್ತೆರಡು ಮಕ್ಕಳು, ಪುಸ್ತಕ ಒಂದು. ಹರಿದು ಹಂಚ್ಲಾ?"

ನಮ್ಮ ಶಾಲೆಯ ಲೈಬ್ರೇರಿಯನ್‌ಗೆ ನಗುವುದು ಗೊತ್ತಿರಲಿಲ್ಲ. ತರಗತಿಯಲ್ಲಿ ಎಷ್ಟು ಬೇಕಾದರೂ ಗಟ್ಟಿಯಾಗಿ ಓದಿ, ಪಾಠಕ್ಕೆ ಬೇಕಾದ ಒಂದೆರಡು ಪುಟ ಲೇಖಕಿಯ ಹೆಸರು ಹಾಕಿ ಹಂಚಿ, ಪೂರ್ತಿ ಪುಸ್ತಕದ ಪ್ರತಿ ಮಾತ್ರ ತೆಗೆಯುವಂತಿಲ್ಲ ಎಂದ. ಇದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದೆ. ಹಾಗಾದರೆ ಬರೆದವರನ್ನು ಕೇಳಿ ಎಂದ. ಬರೆದ ಅಜ್ಜಿ ಬದುಕಿದ್ದಾರೋ ಇಲ್ಲವೋ, ಯಾರಿಗೆ ಗೊತ್ತು. ಅವನ ಉಗುರಿನ ಸಂದಿಯಲ್ಲಿ ಒಣಗಿದ ಗೋಂದಿತ್ತು. ನಲವತ್ತೆರಡರ ಹೆಂಗಸು ಗಂಡಸಿನ ಉಗುರು ನೋಡುತ್ತ ನಿಲ್ಲಬಾರದೆಂದು ಮುಖ ತಿರುಗಿಸಿದೆ.

ನನ್ನವು ಅಕ್ಷರ ಕಂಡರೆ ಬೆವರುವ ಮಕ್ಕಳು. ಈ ಕಥೆಯನ್ನು ಮಾತ್ರ ಮತ್ತೆ ಮತ್ತೆ ಓದಿಸಿಕೊಂಡಿದ್ದರು. ಸೋಮವಾರ ಎಲ್ಲರ ಕೈಗೂ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಬರಿಗೈಯಲ್ಲಿ ಹೋದಾಗ ಯಾರೂ ಗಲಾಟೆ ಮಾಡಲಿಲ್ಲ, ಅದೇ ಚುಚ್ಚಿತು.

ಮುಂದೆ ಒಂದು ತಿಂಗಳು ನಾವು ಹಾವು ಮುಂಗುಸಿ. ಅವನು ಸ್ಟಾಫ್ ರೂಮಿಗೆ ಬಂದರೆ ನಾನು ಲೋಟ ಹಿಡಿದು ಹೊರಗೆ. ಹನ್ನೊಂದನೆಯ ಪುಟದ ಮೂಲೆ ಮಡಚಿದ್ದೀರಿ ಎಂದು ಅವನಿಂದ ಚೀಟಿ. ಗಟ್ಟಿಯಾಗಿ ಓದಬಹುದು ಎಂದಿದ್ದನಲ್ಲ, ದಿನಾ ಗೋಡೆಯಾಚೆಯ ಲೈಬ್ರರಿಗೆ ಕೇಳಲೆಂದೇ ಗಂಟಲು ಹರಿಯುವಂತೆ ಓದಿದೆ.

ಆಮೇಲೆ ನನ್ನ ಹೆಸರಿಗೆ ಒಂದು ಲಕೋಟೆ ಬಂತು. ನಡುಗುವ ಅಕ್ಷರ. ಮೂವತ್ತೆರಡು ಪ್ರತಿ ತೆಗೆದುಕೊಳ್ಳಿ, ಈ ತರಗತಿಗೆ ಮಾತ್ರ, ಎಂದು ಆ ಅಜ್ಜಿ ಬರೆದಿದ್ದರು. "ನಿಮ್ಮ ಲೈಬ್ರೇರಿಯನ್ನರ ಪತ್ರವನ್ನೂ ಜೊತೆಗಿಟ್ಟಿದ್ದೇನೆ. ಅದರ ಕೊನೆಯ ಭಾಗ ನನಗೆ ಸೇರಿದ್ದಲ್ಲ ಅನ್ನಿಸಿತು."

ಪ್ರತಿ ಯಾರಿಗೆ, ಎಷ್ಟು, ಯಾಕೆ ಎಂದು ಅವನು ಒಪ್ಪವಾಗಿ ಬರೆದಿದ್ದ. ಕೊನೆಯಲ್ಲಿ: "ಈ ಮೇಡಂ ಓದುವಾಗ ನಾನು ಫ್ಯಾನ್ ಆರಿಸಿ ಕೂರುತ್ತೇನೆ. ಹತ್ತೊಂಬತ್ತನೆಯ ಪುಟದಲ್ಲಿ ಪ್ರತಿ ಸಲವೂ ಇವರ ದನಿ ಕಟ್ಟುತ್ತದೆ. ಮಕ್ಕಳ ಕೈಗೆ ಪುಸ್ತಕ ಬಂದರೆ ಇವರು ಓದುವುದನ್ನು ನಿಲ್ಲಿಸಿಬಿಡುತ್ತಾರೇನೋ ಎಂಬ ಭಯ ನನಗಿದೆ. ಆದರೂ ದಯವಿಟ್ಟು ಅನುಮತಿ ಕೊಡಿ."

ಪತ್ರವನ್ನು ಅವನ ಮೇಜಿನ ಮೇಲೆ ಕುಕ್ಕಿದೆ.

"ನನ್ನ ಬಗ್ಗೆ ಬರೆಯೋಕೆ ನನ್ನನ್ನ ಕೇಳಿದ್ರಾ?"

"ಇಲ್ಲ." ಅವನ ಕಿವಿ ಕೆಂಪಾಯಿತು. "ತಪ್ಪಾಯ್ತು."

"ಊರಿಗೆಲ್ಲ ಕಾನೂನು ಹೇಳ್ತೀರಿ."

ನನಗೆ ಬೈಯಲು ಇನ್ನೂ ಬೇಕಾದಷ್ಟಿತ್ತು. ಅದನ್ನೆಲ್ಲ ಬಿಟ್ಟು ಯಂತ್ರ ಆನ್ ಮಾಡಿ ಎಂದೆ.

ನಾನು ಪುಟ ತಿರುವಿದೆ, ಅವನು ಪಿನ್ ಹೊಡೆದ. ಮೂವತ್ತೆರಡಾದ ಮೇಲೆ ಯಂತ್ರ ಆರಿಸಿದ.

"ನಿಮಗೊಂದು ಬೇಡ್ವಾ?" ಎಂದೆ.

"ಅನುಮತಿ ಇರೋದು ಮೂವತ್ತೆರಡಕ್ಕೆ."

"ಹಾಗಿದ್ರೆ ಸಂಜೆ ಮನೆಗೆ ಬನ್ನಿ. ಓದಿ ಹೇಳ್ತೀನಿ, ಗಟ್ಟಿಯಾಗಿ."

ಆಗ ಅವನು ನಕ್ಕ.

"ಮೆಲ್ಲಗೆ ಓದಿದ್ರೂ ಕೇಳುತ್ತೆ" ಎಂದ.