ಆರು ಶನಿವಾರ ಕಲಿತ ಮಾತು

“ನಿನ್ನ ಮಗಳು ಮುಟ್ಟಾಗಿರೋವಾಗ್ಲೇ ಹುಳುಮನೆಗೆ ನುಗ್ಗವ್ಳೆ ಕಣಮ್ಮಿ! ಬೆಳೆ ಪೂರಾ ಹೋಯ್ತು!” ಸತ್ತ ರೇಷ್ಮೆಹುಳುಗಳ ತಟ್ಟೆಯನ್ನು ಸಿದ್ದಮ್ಮ ಸೊಸೆ ವೆಂಕಟಲಕ್ಷ್ಮಮ್ಮನ ಕಾಲ ಬಳಿ ಎಸೆದಳು. “ನಾಳೆ ಚನ್ನಪಟ್ಟಣಕ್ಕೆ ಕರ್ಕೊಂಡೋಗಿ ಗರ್ಭಕೋಶ ತೆಗೆಸ್ಬುಡನ. ಆ ಪೆದ್ದಿಗೆ ಅದ್ಯಾಕೆ ಬೇಕು?”

ಹೊಂಗನೂರಿನ ಆ ಮನೆಯಲ್ಲಿ ಸಿದ್ದಮ್ಮನಿಗೆ ಎದುರಾಡಿದವರಿಲ್ಲ. ಮಗ ದಾಸಪ್ಪ ತಲೆ ತಗ್ಗಿಸಿ ಎದ್ದುಹೋದ. ಅವನ ಮಗಳು, ಇಪ್ಪತ್ತೆರಡರ ಜಯಶೀಲಳಿಗೆ ಬುದ್ಧಿ ನಿಧಾನ. ಯಾವ ದಿನ ಯಾವ ಬಾಗಿಲು ದಾಟಬಾರದೆಂಬುದು ನೆನಪಿರುತ್ತಿರಲಿಲ್ಲ. ಆದರೆ ಹುಳುಗಳಿಗೆ ಬಂದದ್ದು ರೋಗ... ಅಕ್ಕಪಕ್ಕದ ಮೂರು ಮನೆಗಳಲ್ಲೂ ಬೆಳೆ ಹೋಗಿತ್ತು! ಕೇಳಬೇಕಾದ ಆ ಮಾತನ್ನು ನುಂಗಿಕೊಂಡು, ವೆಂಕಟಲಕ್ಷ್ಮಮ್ಮ ಮರುದಿನ ಮಗಳ ಜಡೆ ಹೆಣೆದಳು. “ಹೊಟ್ಟೆನೋವಿಗೆ ಔಷ್ದಿ ಕೊಡ್ಸ್ತೀನಿ, ಬಾ” ಎಂದು ಸುಳ್ಳು ಹೇಳಿದಳು.

ಅದೇ ಚನ್ನಪಟ್ಟಣಕ್ಕೆ ಜಯಶೀಲ ಪ್ರತಿ ಶನಿವಾರ ತರಬೇತಿಗೆ ಹೋಗುತ್ತಿದ್ದಳು. ಅವಳಂಥವರು ತಮ್ಮ ಮಾತನ್ನು ತಾವೇ ಹೇಳಿಕೊಳ್ಳಲು ಕಲಿಯುವ ಜಾಗ ಅದು. ಅಲ್ಲಿ ಕೇಳದೆ ಯಾರೂ ಯಾರ ಲೋಟಕ್ಕೂ ಟೀ ಸುರಿಯುವುದಿಲ್ಲ. ಕೊಟ್ಟದ್ದನ್ನೆಲ್ಲ ಕುಡಿಯುತ್ತಿದ್ದ ಹುಡುಗಿಗೆ ‘ಬೇಡ’ ಎನ್ನಲು ಆರು ಶನಿವಾರ ಹಿಡಿದಿತ್ತು. “ಬ್ಯಾಡ ಅನ್ನಾಕೂ ಬಸ್ ಹತ್ತಿ ಹೋಗ್ಬೇಕಾ?” ಎಂದು ಸಿದ್ದಮ್ಮ ನಕ್ಕಿದ್ದಳು.

ಆಸ್ಪತ್ರೆಯಲ್ಲಿ ವೆಂಕಟಲಕ್ಷ್ಮಮ್ಮ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದಳು. ನರ್ಸ್ ಹಸಿರು ಅಂಗಿ ತಂದಳು. ಜಯಶೀಲ ಅದನ್ನು ಮುಟ್ಟಲಿಲ್ಲ.

“ಏನ್ ಮಾಡ್ತೀರಾ ನಂಗೆ?”

ಡಾಕ್ಟರು ತಾಯಿಯತ್ತ ನೋಡಿದರು. “ಅವ್ಳನ್ನೇನ್ ಕೇಳ್ತೀರಾ ಸ್ವಾಮಿ, ಒಳಕ್ಕೆ ಕರ್ಕೊಳಿ” ಎಂದಳು ಜೊತೆಗೆ ಬಂದಿದ್ದ ಸಿದ್ದಮ್ಮ.

“ನನ್ನೇ ಕೇಳಿ! ನನ್ನ ಹೊಟ್ಟೆ! ಬ್ಯಾಡ... ಬ್ಯಾಡ!” ಜಯಶೀಲ ಅಂಗಿಯನ್ನು ಆಚೆ ತಳ್ಳಿ ತಾಯಿಯ ಕಡೆ ತಿರುಗಿದಳು. “ಅವ್ವಾ, ಅಲ್ಲಿ ಟೀ ಕೊಡಾಕೂ ಕೇಳ್ತಾರೆ... ನೀನು ಕೇಳ್ಲೇ ಇಲ್ಲ!”

ವೆಂಕಟಲಕ್ಷ್ಮಮ್ಮ ಡಾಕ್ಟರ ಕೈಯಿಂದ ಒಪ್ಪಿಗೆ ಕಾಗದ ಕಿತ್ತುಕೊಂಡು ಚೂರುಚೂರು ಮಾಡಿದಳು. “ಮೂರು ಮನೆ ಹುಳ ಸತ್ವಲ್ಲ ಅತ್ತೆ, ಅಲ್ಲಿಗೂ ನನ್ನ ಮಗಳೇ ನುಗ್ಗಿದ್ಲಾ? ಹೇಳಿ!”

“ಇನ್ನು ನನ್ನ ಹೊಸ್ತಿಲು ತುಳೀಬ್ಯಾಡ ನೀನು!”

“ತುಳೀತೀನಿ. ಇಪ್ಪತ್ತೈದು ವರ್ಷ ಹಿಪ್ನೇರ್ಳೆ ಸೊಪ್ಪು ಹೊತ್ತಿದೀನಿ ಆ ಮನೆಗೆ. ಇವ್ಳ ಮೈ ತಂಟೆಗೆ ಮಾತ್ರ ಇನ್ನು ಯಾರೂ ಬರ್ಕೂಡ್ದು... ನಾನೂ ಸೇರಿ!”

ಬಸ್ ನಿಲ್ದಾಣದ ಅಂಗಡಿಯೆದುರು ತಾಯಿ ನಿಂತಳು.

“ಟೀ ಕುಡೀತೀಯಾ ಮಗಾ?”

ಜಯಶೀಲ ಮುಖ ತಿರುಗಿಸಿಯೇ ಹೇಳಿದಳು: “ಬ್ಯಾಡ.”

ವೆಂಕಟಲಕ್ಷ್ಮಮ್ಮ ಎರಡನೇ ಸಲ ಕೇಳಲಿಲ್ಲ. ತಾನೂ ಕುಡಿಯದೆ, ಮಗಳಿಂದ ಒಂದು ಮಾರು ದೂರದಲ್ಲಿ ಬಸ್ಸಿಗೆ ಕಾಯುತ್ತ ನಿಂತಳು.