ಕಲಕುತ್ತಾ ನಿಂತ ಮಧ್ಯಾಹ್ನಗಳು

ಅವರು ಮೊದಲ ಸಲ ಬಂದಾಗ ಮಫ್ತಿ ಪೊಲೀಸ್ ಅಂದುಕೊಂಡಿದ್ದೆ. ಚುನಾವಣೆ ಮುಂದೂಡಿ, ಆರು ಗಂಟೆಗೆಲ್ಲ ಕರ್ಫ್ಯೂ ಹಾಕಿದ್ದ ದಿನಗಳವು. ಮಧ್ಯಾಹ್ನ ಮಾತ್ರ ತೆರೆಯುತ್ತಿದ್ದ ನಮ್ಮ ಬಾರಿನಲ್ಲಿ ಜನ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಇವರು ಕೌಂಟರಿಗೆ ಬಂದವರೇ ಮೆನು ಕಾರ್ಡ್ ಎತ್ತಿಕೊಂಡು, ಜೇಬಿನಿಂದ ಪೆನ್ ತೆಗೆದು, ಮೂರು ಕಡೆ ತಿದ್ದಿಬಿಟ್ಟರು.

"ಕ್ಷಮಿಸಿ ಮೇಡಂ, ಕೈ ಸುಮ್ನಿರಲ್ಲ. ಪೇಪರ್ ಆಫೀಸಲ್ಲಿ ಪ್ರೂಫ್ ನೋಡ್ತೀನಿ."

"ಕಾಕ್‌ಟೇಲ್ ಕುಡಿಯೋಕೆ ಬಂದ್ರಾ, ಪಾಠ ಹೇಳೋಕೆ ಬಂದ್ರಾ?"

ನಕ್ಕರು. ಹಾಳು ನಗು. ಅವತ್ತಿನಿಂದ ಮೂರು ಗಂಟೆ ಆಗುವ ಮೊದಲೇ ನನ್ನ ಕಣ್ಣು ಬಾಗಿಲಿಗೆ ಹೋಗುತ್ತಿತ್ತು.

ಅವರು ಕೇಳುತ್ತಿದ್ದದ್ದು ಒಂದೇ. ವಿಸ್ಕಿ, ವರ್ಮೂತ್ ಅನ್ನುವ ಸಿಹಿ ವೈನ್, ಕಹಿಗೆ ಎರಡು ತೊಟ್ಟು ಬಿಟರ್ಸ್. ಐಸಿನ ಜೊತೆ ಕಲಕಿ ಸೋಸಿ ಕೊಡಬೇಕು. ಮೂವತ್ತು ಸುತ್ತು ಸಾಕು, ಹೆಚ್ಚಾದರೆ ಐಸ್ ಕರಗಿ ಎಲ್ಲ ನೀರು. ಎಲ್ಲರಿಗೂ ಮೂವತ್ತೇ ಸುತ್ತು. ಇವರಿಗೆ ಮಾತ್ರ ಎಂಬತ್ತು, ನೂರು. ಗ್ಲಾಸು ಕೈಗೆ ಹೋದರೆ ಅವರು ಕಿಟಕಿ ಪಕ್ಕದ ಮೇಜಿಗೆ ಹೋಗಿಬಿಡುತ್ತಿದ್ದರು. ಕಲಕುವಷ್ಟು ಹೊತ್ತು ನನ್ನೆದುರು ನಿಂತಿರುತ್ತಿದ್ದರು. ಇಪ್ಪತ್ತು ವರ್ಷ ಬಾರ್ ನಡೆಸಿದ ಅಣ್ಣ ಒಂದು ದಿನ ನೋಡಿ, "ಏನೇ ಅದು, ಮೊಸರು ಕಡೀತಿದ್ದೀಯಾ?" ಅಂದ. ನನ್ನ ಕಿವಿ ಬಿಸಿಯಾಯಿತು.

ಎರಡು ತಿಂಗಳು ಹೀಗೇ ನಡೆಯಿತು. ಆಮೇಲೆ ಪೇಪರ್ ಆಫೀಸಿಗೆ ಬೀಗ ಬಿತ್ತು. ಸಂಪಾದಕರನ್ನು ಪೊಲೀಸರು ಎಳೆದುಕೊಂಡು ಹೋದರು.

ಮಾರನೆಯ ದಿನ ಅವರು ಎರಡೂವರೆಗೇ ಬಂದರು. ಹೆಗಲಲ್ಲಿ ಬ್ಯಾಗಿತ್ತು, ಗಡ್ಡ ತೆಗೆದಿರಲಿಲ್ಲ.

"ಲಿಸ್ಟಲ್ಲಿ ನನ್ನ ಹೆಸರೂ ಇದೆಯಂತೆ. ಮೂರು ಗಂಟೆಗೆ ಗಡಿ ಕಡೆ ಒಂದು ವ್ಯಾನ್ ಹೋಗತ್ತೆ. ಪಾಸು ಸಿಕ್ಕಿರೋದು ಒಬ್ಬರಿಗೆ." ಆ 'ಒಬ್ಬರಿಗೆ' ಅನ್ನುವಾಗ ನನ್ನ ಮುಖ ನೋಡಲಿಲ್ಲ. "ಒಂದು ಗ್ಲಾಸ್ ಮಾಡಿಕೊಡಿ."

ಕೈ ತಾನಾಗಿ ಕಲಕತೊಡಗಿತು. ಮೂವತ್ತಾಯಿತು. ನಲವತ್ತು, ಐವತ್ತು. ನಿಲ್ಲಿಸಲು ಆಗಲಿಲ್ಲ.

"ನಿಮಗೊಂದು ಮಾತು ಹೇಳ್ಬೇಕು," ಅಂದರು. "ಎರಡು ತಿಂಗಳಿಂದ ನೀವು ಕೊಟ್ಟಿದ್ದು ಬರೀ ನೀರು."

"ಗೊತ್ತಿತ್ತಾ?"

"ನಾಲಿಗೆ ಇದೆ ಅಲ್ವಾ ನಂಗೂ!"

"ಮತ್ಯಾಕೆ ಹೇಳ್ಲಿಲ್ಲ? ಮೆನುನಲ್ಲಿ ಒಂದು ದೀರ್ಘ ತಪ್ಪಿದ್ರೆ ಪೆನ್ ತೆಗೀತೀರಿ."

"ಹೇಳಿದ್ರೆ ನೀವು ಬೇಗ ಕಲಕಿ ಕೊಟ್ಬಿಡ್ತಿದ್ರಿ." ಅವರ ಬೆರಳು ಕೌಂಟರಿನ ಮೇಲೆ ನನ್ನ ಕೈಯ ಹತ್ತಿರ ಬಂದು ನಿಂತಿತು. "ನಂಗೆ ನೀವು ಬೇಕಿತ್ತು ಮೇಡಂ. ವಿಸ್ಕಿ ಎಲ್ಲಾದ್ರೂ ಸಿಗತ್ತೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದು ಈಗ ತೆಗೆಯುತ್ತಾರಲ್ಲ!

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಅವರು ಕದಲಲಿಲ್ಲ.

"ಬೇಡ ಅಂದ್ರೆ ಹೋಗಲ್ಲ," ಅಂದರು. "ಒಂದು ಮಾತು ಹೇಳಿ, ಇಲ್ಲೇ ಇರ್ತೀನಿ."

ಹೇಳಿದ್ದರೆ ಖಂಡಿತ ಇರುತ್ತಿದ್ದರು. ನಾಳೆಯೋ ನಾಡಿದ್ದೋ ಇದೇ ಬಾಗಿಲಿನಿಂದ ಅವರನ್ನೂ ಎಳೆದುಕೊಂಡು ಹೋಗುತ್ತಿದ್ದರು. ಚಮಚ ಕೆಳಗಿಟ್ಟು, ಗ್ಲಾಸಿನಲ್ಲಿದ್ದದ್ದನ್ನು ಸಿಂಕಿಗೆ ಸುರಿದುಬಿಟ್ಟೆ.

"ಬಾರ್ ಮುಚ್ತಾ ಇದ್ದೀವಿ. ಹೊರಡಿ."

ಅವರು ಗೋಡೆ ಗಡಿಯಾರ ನೋಡಿದರು, ನನ್ನ ಕಣ್ಣು ನೋಡಿದರು. ಬ್ಯಾಗ್ ಎತ್ತಿಕೊಂಡು ಬಾಗಿಲ ತನಕ ಹೋದವರು ಒಮ್ಮೆ ತಿರುಗಿದರು.

"ಕಳಿಸಿ ಬರೋದಲ್ವೇನೇ? ಬಾಗಿಲ ತನಕ ಹೋಗು," ಅಂದ ಅಣ್ಣ, ಮೆಲ್ಲಗೆ.

ನಾನು ಕೌಂಟರನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಅಲ್ಲೇ ನಿಂತೆ. ಬಾಗಿಲ ತನಕ ಹೋಗಿದ್ದರೆ ಅವರು ವ್ಯಾನ್ ಹತ್ತುತ್ತಿರಲಿಲ್ಲ.