ಅಪ್ಪ ತಿರುಗಿಸುತ್ತಿದ್ದ ನಲ್ಲಿ

ನನಗೆ ದೆವ್ವ-ಗಿವ್ವದಲ್ಲಿ ನಂಬಿಕೆಯಿಲ್ಲ. ಮನೆಯ ಫ್ಲಶ್ ಸರಿಯಾಗಿ ಕೆಲಸ ಮಾಡಿದರೆ ಸಾಕು ಎನ್ನುವ ಮನುಷ್ಯ ನಾನು. ಅದೇ ಕೈಕೊಟ್ಟಿತ್ತು. ಒತ್ತಿದರೆ ಗುಳುಗುಳು ಎಂದು ಒಂದು ಲೋಟ ನೀರು, ಅಷ್ಟೇ. ಬಗ್ಗಿ ನೋಡಿದರೆ, ಟ್ಯಾಂಕಿಗೆ ನೀರು ಬಿಡುವ ಸಣ್ಣ ನಲ್ಲಿ ಬಂದ್ ಆಗಿತ್ತು. ತೆರೆದೆ. ಮರುದಿನ ಮತ್ತೆ ಬಂದ್. ಹರಿಯುವುದು ತಣ್ಣೀರು, ಆದರೂ ನಲ್ಲಿಯ ಹಿಡಿ, ಯಾರೋ ಈಗಷ್ಟೇ ಕೈಬಿಟ್ಟಂತೆ ಬೆಚ್ಚಗಿತ್ತು.

"ನಾನು ಮುಟ್ಟೇ ಇಲ್ಲ ಕಣ್ರೀ," ಎಂದಳು ಹೆಂಡತಿ. "ಅದನ್ನ ಬಂದ್ ಮಾಡ್ತಿದ್ದಿದ್ದು ಮಾವ ಒಬ್ರೇ."

ನಿಜ. ನೀರು ಪೋಲಾಗುತ್ತದೆಂದು ಅಪ್ಪ ಪ್ರತಿ ಸಲವೂ ಅದನ್ನು ಬಿಗಿಯಾಗಿ ತಿರುಗಿಸಿ, ಎರಡು ಬಾರಿ ಕೆಮ್ಮಿ ಹೊರಬರುತ್ತಿದ್ದರು. ಅವರು ತೀರಿಕೊಂಡು ವರ್ಷವಾಗಿತ್ತು.

ಪ್ಲಂಬರನ್ನು ಕರೆಸಿದೆ. "ನಲ್ಲಿ ಸವೆದಿದೆ ಸಾರ್, ತಾನೇ ತಿರುಗುತ್ತೆ," ಎಂದು ಅದನ್ನು ಕಿತ್ತು, ಪೈಪನ್ನು ನೇರವಾಗಿ ಟ್ಯಾಂಕಿಗೆ ಜೋಡಿಸಿದ. ಒತ್ತಿದೆ. ಭೋರೆಂದು ನೀರು! ಖುಷಿಗೆ ಇಬ್ಬರೂ ಸರದಿಯಲ್ಲಿ ಒತ್ತಿ ಒತ್ತಿ ನೋಡಿದೆವು. ಹಳೆಯ ನಲ್ಲಿಯನ್ನು ಅಡುಗೆಮನೆಯ ಡ್ರಾಯರಿಗೆ ಹಾಕಿದೆ.

ಬೆಳಗ್ಗೆ ಮತ್ತೆ ಗುಳುಗುಳು. ಡ್ರಾಯರ್ ಎಳೆದೆ. ನಲ್ಲಿ ಬಿಗಿಯಾಗಿ ಬಂದ್ ಆಗಿತ್ತು, ಹಿಡಿ ಬೆಚ್ಚಗಿತ್ತು. ಸುಮ್ಮನೆ ತಿರುಗಿಸಿದೆ. ಅತ್ತ ಟಾಯ್ಲೆಟ್ಟಿನಲ್ಲಿ ಟ್ಯಾಂಕ್ ತುಂಬುವ ಸದ್ದು ಶುರುವಾಯಿತು.

"ಅಬ್ಬ, ಇಷ್ಟೇ ತಾನೆ?" ಹೆಂಡತಿ ನಿಟ್ಟುಸಿರುಬಿಟ್ಟಳು. "ದಿನಾ ಕಾಫಿಗೆ ಇಟ್ಟಾಗ ನಾನೇ ತಿರುಗಿಸ್ತೀನಿ, ಬಿಡಿ."

ಈಗ ಫ್ಲಶ್ಶಿನದು ಯಾವ ತಕರಾರೂ ಇಲ್ಲ, ನಾವು ನೆಮ್ಮದಿಯಾಗಿದ್ದೇವೆ. ಆ ಎರಡು ಕೆಮ್ಮು ಮಾತ್ರ ಈಗ ಅಡುಗೆಮನೆಯಿಂದ ಕೇಳಿಸುತ್ತದೆ.